ವೈನಿಯ ಇಸ್ತ್ರಿಗೆ ಉದ್ದನೆಯ ವೈರು

ಹೋದ ವಾರ ಕಿತ್ತೂರಿನ ಎಲೆಕ್ಟ್ರಿಕ್ ಅಂಗಡಿಯೊಂದಕ್ಕೆ ಬಲ್ಬು ತರಲು ಹೋಗಿದ್ದೆ. ನನಗಿಂತ ಮೊದಲು ಬಂದ ಗಿರಾಕಿಗಾಗಿ ಅಂಗಡಿಯಾತ ಗೋಡೆಯ ಗೂಟದಿಂದ ಒಂದು ವೈರಿನ ಸುರುಳಿಯನ್ನು ಇಳಿಸಿ ಕಟ್ಟೆಯ ಮೇಲೆ ಹಾಕಿದ. ಈಗ ಎಲ್ಲಿಯೂ ಸಿಗುವ ನುಣುಪಾದ ಪ್ಲಾಸ್ಟಿಕ್ ವೈರಲ್ಲ ಅದು. ಮೇಲೆ ಕಪ್ಪು ನೂಲಿನ ಹೆಣಿಗೆ, ನಡುನಡುವೆ ಬಿಳಿ ಚುಕ್ಕೆ, ಹೆಬ್ಬೆರಳಿನ ಅರ್ಧದಷ್ಟು ದಪ್ಪ. ಆತ ಅದನ್ನು ಬಿಚ್ಚಿದಾಗ ಹೊಸ ನೂಲೂ ರಬ್ಬರೂ ಬೆರೆತ ಒಂದು ವಾಸನೆ ಎದ್ದಿತು. ನಾನು ಅಲ್ಲಿಯೇ ನಿಂತುಬಿಟ್ಟೆ.

"ನಿಮಗೇನ ಬೇಕಾಗಿತ್ರಿ, ಅಕ್ಕೋರ?" ಎಂದು ಆತ ಕೇಳಿದ್ದು ಎರಡನೆಯ ಸಲಕ್ಕೆ ಕಿವಿಗೆ ಬಿತ್ತು.

ಬಲ್ಬು ತೆಗೆದುಕೊಂಡು ಮನೆಗೆ ಬಂದೆ. ಆದರೆ ಮನಸ್ಸು ಮಾತ್ರ ಬೈಲಹೊಂಗಲದ ಆ ಓಣಿಯಲ್ಲಿ, ಎದುರುಮನೆಯ ಪಡಸಾಲೆಯಲ್ಲಿ, ವೈನಿಯ ಹತ್ತಿರ ಹೋಗಿ ಕುಳಿತಿತ್ತು...

ಆಗ ನನಗೆ ನೌಕರಿ ಹೊಸದು. ಸವದತ್ತಿಯ ನಮ್ಮ ಮನೆ ಬಿಟ್ಟು ಬೈಲಹೊಂಗಲದ ಪ್ರಾಥಮಿಕ ಶಾಲೆಗೆ ಬಂದಿದ್ದೆ. ಇದ್ದದ್ದು ಒಂದೇ ಕೋಣೆಯ ಬಾಡಿಗೆಮನೆ. ಅದರ ಬಾಗಿಲು ತೆರೆದರೆ ಎದುರಿಗೆ ಅವರ ಬಾಗಿಲು. ಮನೆಯಲ್ಲಿ ನಾಲ್ಕೇ ಜನ: ಅತ್ತೆ, ಬಸ್ ಕಂಡಕ್ಟರ್ ಆಗಿದ್ದ ಮಗ, ಮದುವೆಯ ವಯಸ್ಸಿಗೆ ಬಂದಿದ್ದ ಮಗಳು, ಮತ್ತು ರಾಮದುರ್ಗದಿಂದ ಸೊಸೆಯಾಗಿ ಬಂದ ಆಕೆ. ಅಣ್ಣನ ಹೆಂಡತಿಯೆಂದು ನಾದಿನಿ "ವೈನಿ" ಎಂದು ಕರೆಯುತ್ತಿದ್ದಳು, ಹಾಗಾಗಿ ಓಣಿಗೆಲ್ಲ ವೈನಿ. ನನಗೂ ವೈನಿಯೇ. ವಯಸ್ಸಿನಲ್ಲಿ ನನಗಿಂತ ಒಂದೆರಡು ವರ್ಷ ದೊಡ್ಡವಳಿರಬೇಕು, ಅಷ್ಟೆ.

ಮೊದಮೊದಲು ಆಕೆಯನ್ನು ನೋಡಿದಾಗ ಈಕೆ ಬಹಳ ನಿಧಾನದ ಹೆಂಗಸು ಅನ್ನಿಸಿತ್ತು. ರೊಟ್ಟಿ ಬಡಿಯುವುದು ನಿಧಾನ, ಕಾಯಿಪಲ್ಲೆ ಹೆಚ್ಚುವುದು ನಿಧಾನ, ರಂಗೋಲಿಯ ಎಳೆ ಬೇಕಾದಲ್ಲಿ ಹೋಗದೆ ಪಕ್ಕಕ್ಕೆ ಜಾರುವುದು. ಅತ್ತೆ ಒಳಗಿನಿಂದ "ಇನ್ನೂ ಆಗ್ಲಿಲ್ಲೇನ?" ಎಂದು ಕೂಗುತ್ತಲೇ ಇರುತ್ತಿದ್ದರು. ಒಂದು ಬೆಳಿಗ್ಗೆ ಇಬ್ಬರೂ ಅವರ ಮನೆಯ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದೆವು. ನನ್ನ ಸೆರಗು ತಾಗಿ ಹಿತ್ತಾಳೆಯ ಲೋಟ ಕಟ್ಟೆಯಿಂದ ಉರುಳಿತು. ಅದು ನೆಲ ಮುಟ್ಟುವ ಮೊದಲೇ ಆಕೆಯ ಎಡಗೈ ಚಾಚಿ ಅದನ್ನು ಗಾಳಿಯಲ್ಲಿಯೇ ಹಿಡಿದುಬಿಟ್ಟಿತು. ಆ ಚುರುಕು ನೋಡಿ ನಾನು ಬೆರಗಾದೆ. ಆಕೆ ಮಾತ್ರ ಹೆದರಿದವಳಂತೆ ಬಾಗಿಲ ಕಡೆ ನೋಡಿ, ಲೋಟವನ್ನು ಬಲಗೈಗೆ ಬದಲಾಯಿಸಿಕೊಂಡಳು.

"ನೀವು ಎಡಗೈಯವರಾ?" ಎಂದು ಕೇಳಿದೆ.

"ಸಾವಕಾಶ ಮಾತಾಡ್ರಿ ಅಕ್ಕೋರ," ಎಂದು ನಕ್ಕಳು. "ಈ ಮನ್ಯಾಗ ನಾ ಬಲಗೈಯಾಕಿ."

ಆಮೇಲೆ ತುಸು ತುಸುವಾಗಿ ಎಲ್ಲ ಹೇಳಿದಳು. ಆಕೆಯ ತಂದೆಗೆ ರಾಮದುರ್ಗದಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿಯಿತ್ತು. ಮೂವರು ಹೆಣ್ಣುಮಕ್ಕಳಲ್ಲಿ ಈಕೆಯೊಬ್ಬಳೇ ಅಂಗಡಿಗೆ ಹೋಗಿ ಕೂರುತ್ತಿದ್ದವಳು. ತಂತಿ ಸುತ್ತುವಾಗ ಯಾವ ಕೈ ಎಂದು ಆಕೆಯ ತಂದೆ ಎಂದೂ ಕೇಳಲಿಲ್ಲವಂತೆ. ತಂತಿ ಬಿಗಿಯಾಗಿ ಕೂತಿತೋ ಇಲ್ಲವೋ ಎಂದಷ್ಟೇ ನೋಡುತ್ತಿದ್ದರಂತೆ. ಮದುವೆಯಾಗಿ ಬಂದ ಮರುದಿನ ಪಂಕ್ತಿಯಲ್ಲಿ ಎಡಗೈಯಿಂದ ಸಾರಿನ ಸೌಟು ಎತ್ತಿದಾಗ ಅತ್ತೆ ಕೈ ಹಿಡಿದು ತಡೆದರು. "ನಮ್ಮ ಮನ್ಯಾಗ ಇದು ನಡಿಯಂಗಿಲ್ಲ" ಎಂದರು. ಅಂದಿನಿಂದ ಬಡಿಸುವುದು, ಕುಂಕುಮ ಹಚ್ಚುವುದು, ಹಿಟ್ಟು ನಾದುವುದು, ಕಸ ಗುಡಿಸುವುದು ಎಲ್ಲವೂ ಬಲಗೈಯಿಂದ.

ಅತ್ತೆ ಕೆಟ್ಟವರಾಗಿರಲಿಲ್ಲ. ಸಣ್ಣ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ಎರಡು ಮಕ್ಕಳನ್ನು ಬೆಳೆಸಿದವರು. ಒಂದು ಪದ್ಧತಿ ತಪ್ಪಿದರೂ ಊರು ಏನನ್ನುತ್ತದೋ ಎಂಬ ಅಂಜಿಕೆ ಅವರ ಮೈಯಲ್ಲಿಯೇ ಇಳಿದುಬಿಟ್ಟಿತ್ತು. ನನಗೆ ಜ್ವರ ಬಂದಾಗ ಗಂಜಿ ತಂದು ಕುಡಿಸಿ ಹೋದವರು ಅವರೇ.

ಒಂದೇ ಒಂದು ಕೆಲಸಕ್ಕೆ ಅವರು ಕಣ್ಣು ಮುಚ್ಚಿಕೊಂಡಿದ್ದರು. ಅದು ಇಸ್ತ್ರಿ. ವೈನಿಯ ತವರಿನವರು ಕೊಟ್ಟ ಇಸ್ತ್ರಿ ಪೆಟ್ಟಿಗೆ ಬಲು ಭಾರದ್ದು. ಬಲಗೈಯಿಂದ ಎತ್ತಿದರೆ ನಡುಗಿ ಎಲ್ಲಿಯಾದರೂ ಕುಕ್ಕಿಬಿಡುತ್ತಿತ್ತು. ಇಸ್ತ್ರಿ ಮಾಡುವುದು ದೇವರ ಕೆಲಸವೂ ಅಲ್ಲ, ಅಡಿಗೆಯೂ ಅಲ್ಲ ಎಂದು ಅತ್ತೆ ಸುಮ್ಮನಿದ್ದರು. ದಿನಾ ಕಂಡಕ್ಟರನ ಖಾಕಿ ಬಟ್ಟೆಗೆ ಪಡಸಾಲೆಯ ಮೇಜಿನ ಮೇಲೆ ಇಸ್ತ್ರಿ ಆಗುತ್ತಿತ್ತು. ಆದರೆ ಪ್ಲಗ್ ಹಾಕುವ ಬೋರ್ಡು ಮೇಜಿನ ಬಲಕ್ಕೆ, ಬಾಗಿಲ ಪಕ್ಕದಲ್ಲಿ. ವೈರೋ ಬಹಳ ಗಿಡ್ಡ. ಬಲಗೈಯವರಾದರೆ ವೈರು ಪಕ್ಕದಲ್ಲಿ ಉಳಿಯುತ್ತಿತ್ತು. ಈಕೆ ಎಡಗೈಯಿಂದ ಎಳೆದಾಗ ಅದು ಬಟ್ಟೆಯ ಮೇಲೆ ಅಡ್ಡಕ್ಕೆ ಬಿಗಿದು ನಿಲ್ಲುತ್ತಿತ್ತು. ಒಂದೊಂದು ಎಳೆತಕ್ಕೂ ಪೆಟ್ಟಿಗೆಯ ಹಿಂಭಾಗದಲ್ಲಿ, ವೈರು ಒಳಗೆ ಹೋಗುವ ಕುತ್ತಿಗೆಯಲ್ಲಿ, ಅದು ಮಡಚಿ ತಿರುಚಿ ಹಿಂಡಿಹೋಗುತ್ತಿತ್ತು. ಅಲ್ಲಿ ನೂಲು ಸವೆದು ಒಳಗಿನ ರಬ್ಬರು ಕಾಣುತ್ತಿದ್ದುದನ್ನು ನಾನೇ ನೋಡಿದ್ದೆ. ಬದಲಿಸಬೇಕು ಎಂದು ವೈನಿ ಗಂಡನಿಗೆ ಎಷ್ಟೋ ಸಲ ಹೇಳಿದ್ದಳು. ಅವರು "ಹೂಂ" ಎನ್ನುತ್ತ ಡ್ಯೂಟಿಗೆ ಹೋಗುತ್ತಿದ್ದರು.

ಆ ವರ್ಷ ನಾದಿನಿಗೆ ಸವದತ್ತಿಯ ಕಡೆಯ ಸಂಬಂಧ ಕೂಡಿಬಂತು. ನಿಶ್ಚಯಕ್ಕೆಂದು ಇಳಕಲ್ ಸೀರೆ ತಂದಿದ್ದರು. ಹಸಿರು ಮೈ, ಕೆಂಪು ರೇಷ್ಮೆಯ ಸೆರಗು. ನಿಶ್ಚಯದ ಬೆಳಿಗ್ಗೆ ವೈನಿ ಅದಕ್ಕೆ ಇಸ್ತ್ರಿ ಹಾಕುತ್ತಿದ್ದಳು. ಬೀಗರ ಕಡೆಯ ಹೆಂಗಸರು ಆಗಲೇ ಬಂದು ಪಡಸಾಲೆಯ ಜಮಖಾನೆಯ ಮೇಲೆ ಕುಳಿತಿದ್ದರು. ಅಡಿಗೆಗೆ ನೆರವಾಗಲೆಂದು ನನ್ನನ್ನೂ ಕರೆಸಿದ್ದರಿಂದ ನಾನು ಬಾಗಿಲಲ್ಲಿದ್ದೆ. ಚಟ್ ಎಂದು ಸದ್ದಾಯಿತು. ಪೆಟ್ಟಿಗೆಯ ಕುತ್ತಿಗೆಯಿಂದ ನೀಲಿ ಕಿಡಿ ಹಾರಿ ಸೆರಗಿನ ಮೇಲೆ ಬಿತ್ತು. ವೈನಿ ಕೈ ಕೊಡವಿ ಹಿಂದೆ ಸರಿದಳು. ಯಾರೋ ಓಡಿ ಸ್ವಿಚ್ ಆರಿಸಿದರು. ಸೆರಗಿನಲ್ಲಿ ರೂಪಾಯಿ ಅಗಲದ ತೂತು, ಸುತ್ತ ಕಪ್ಪು ಅಂಚು.

ಅತ್ತೆ ಮೊದಲು ಸೀರೆಯನ್ನು ನೋಡಿದರು. ಆಮೇಲೆ ಬೀಗತಿಯರ ಮುಖ ನೋಡಿದರು. ಆಮೇಲೆ ವೈನಿಯ ಎಡಗೈ.

"ನಾ ಬಡಕೊಂಡೆ," ಎಂದರು. "ಎಡಗೈ ಶುಭಕ್ಕ ಹಚ್ಚಬ್ಯಾಡಂತ ಬಡಕೊಂಡೆ."

ನಾದಿನಿ ಬೇರೆ ಸೀರೆಯುಟ್ಟಳು. ನಿಶ್ಚಯ ಮುಗಿಯಿತು. ಬೀಗರು ಒಳ್ಳೆಯವರು, ಏನೂ ಅನ್ನಲಿಲ್ಲ. ಆದರೆ ಅತ್ತೆಯ ಮನಸ್ಸಿನಲ್ಲಿ ಅಂಜಿಕೆ ಕೂತುಬಿಟ್ಟಿತು. ಇಸ್ತ್ರಿ ಪೆಟ್ಟಿಗೆ ಅಟ್ಟಕ್ಕೆ ಹೋಯಿತು. ವೈನಿ ಮದುವೆಯ ಅರಿಶಿನ ಕುಟ್ಟುವಂತಿಲ್ಲ, ಹಪ್ಪಳ ಒತ್ತುವಂತಿಲ್ಲ, ಬಳೆಯ ಬುಟ್ಟಿ ಮುಟ್ಟುವಂತಿಲ್ಲ. ಕೊನೆಗೆ ಒಂದು ದಿನ, "ನೀ ಮದುವಿ ಮುಗಿಯೂತನಕ ತವರಮನ್ಯಾಗ ಇದ್ದ ಬಾ. ಸೋಮವಾರ ಅಂವ ಬಸ್ಸಿಗೆ ಹತ್ತಿಸ್ತಾನ" ಎಂದುಬಿಟ್ಟರು.

ಮನೆಯ ಒಬ್ಬಳೇ ಸೊಸೆ ನಾದಿನಿಯ ಮದುವೆಯಲ್ಲಿ ಇರಬಾರದು! ಊರಿಗೆ ಏನೆಂದು ಹೇಳುವುದು, ತವರಿಗೆ ಹೋಗಿ ತಂದೆಗೆ ಏನೆಂದು ಹೇಳುವುದು? ಗಂಡನನ್ನು ಕೇಳಿದರೆ, "ಅವ್ವನ ಮುಂದ ನಾ ಏನ ಹೇಳ್ಲಿ? ನಾಕ ದಿನದ ಮಾತ" ಎಂದರಂತೆ. ವೈನಿ ಇದನ್ನು ನನಗೆ ಹೇಳುವಾಗ ಅಳಲಿಲ್ಲ. ಎಡಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದಳು.

"ಅಕ್ಕೋರ, ಶನಿವಾರ ಮಧ್ಯಾಹ್ನ ನಿಮ್ಮ ಖೋಲಿ ನನಗ ಕೊಡ್ತೀರೇನ್ರಿ?" ಎಂದಳು. "ಅತ್ತಿನೂ ಇವರೂ ಸವದತ್ತಿಗೆ ಹೋಗವರದಾರ. ನಾ ಆ ಪೆಟಗಿ ಬಿಚ್ಚಿ ನೋಡಬೇಕ."

ಶನಿವಾರ ಶಾಲೆ ಅರ್ಧ ದಿನ. ನಾನು ಮನೆಗೆ ಬರುವ ಹೊತ್ತಿಗೆ ಎದುರುಮನೆಯ ಬಾಗಿಲು ತೆರೆದಿತ್ತು. ಒಳಗೆ ವೈನಿ ಅಟ್ಟಕ್ಕೆ ಹತ್ತಿದ್ದಳು. ಕೆಳಗೆ ನಿಚ್ಚಣಿಕೆಯನ್ನು ಎರಡೂ ಕೈಯಿಂದ ಭದ್ರವಾಗಿ ಹಿಡಿದು ನಿಂತಿದ್ದವಳು ನಾದಿನಿ. ಸುಟ್ಟದ್ದು ಅವಳದೇ ಸೀರೆ. ನನ್ನನ್ನು ನೋಡಿ ನಕ್ಕು, ಮುಖ ಮೇಲೆತ್ತಿ, "ವೈನಿ, ನಾ ಏನೂ ನೋಡಿಲ್ರಿ ಮತ್ತ" ಎಂದಳು.

ನನ್ನ ಕೋಣೆಯಲ್ಲಿ ನೆಲದ ಮೇಲೆ ಹಳೆಯ ಪೇಪರು ಹಾಸಿ ವೈನಿ ಪೆಟ್ಟಿಗೆಯನ್ನು ಇಟ್ಟಳು. ಜೊತೆಗೆ ತನ್ನ ಟ್ರಂಕಿನಿಂದ ಒಂದು ಟೆಸ್ಟರನ್ನು ತಂದಿದ್ದಳು. ಕರೆಂಟು ಇರುವಲ್ಲಿ ಮುಟ್ಟಿಸಿದರೆ ಹಿಡಿಕೆಯೊಳಗೆ ಕೆಂಪು ದೀಪ ಹತ್ತುತ್ತದಲ್ಲ, ಅದು. ಮದುವೆಯಾಗಿ ಬರುವಾಗ ಆಕೆಯ ತಂದೆ ಸೀರೆಗಳ ನಡುವೆ ಅದನ್ನು ಇಟ್ಟು ಕಳಿಸಿದ್ದರಂತೆ. ಯಾಕೆ ಎಂದು ಹೇಳಿರಲಿಲ್ಲ. ಈಕೆಯೂ ಕೇಳಿರಲಿಲ್ಲ. ಟೆಸ್ಟರನ್ನು ಎಡಗೈಯಲ್ಲಿ ಹಿಡಿದು ಹಿಂಭಾಗದ ಸ್ಕ್ರೂ ತಿರುಗಿಸತೊಡಗಿದಾಗ ಆಕೆಯ ಮುಖದ ಕಳೆಯೇ ಬೇರೆಯಾಯಿತು. ಕಟ್ಟೆಯ ಮೇಲಿನ ಲೋಟವನ್ನು ಹಿಡಿದ ಆ ಹೆಂಗಸು ಮತ್ತೆ ಬಂದಿದ್ದಳು.

ಮುಚ್ಚಳ ಬಿಚ್ಚಿತು. ಆಕೆ ಬಾಗಿ ಒಳಗೆ ನೋಡಿದಳು. ಆಮೇಲೆ ಹಳೆಯ ವೈರನ್ನು ಕಿತ್ತು ನನ್ನ ಕಣ್ಣ ಮುಂದೆ ಹಿಡಿದಳು.

"ನೋಡ್ರಿ ಅಕ್ಕೋರ. ಕುತಗಿಗೆ ರಬ್ಬರ ಕೊಳವಿನ ಇಲ್ಲ. ಅದ ಎಂದೋ ಬಿದ್ದ ಹೋಗೇತಿ. ತಿರವಿ ತಿರವಿ ಒಳಗಿನ ಎಳಿ ಕಡದಾವ. ಎರಡೂ ತಂತಿ ಒಂದಕ್ಕೊಂದ ಮುಟ್ಟಿ ಕಿಡಿ ಹಾರೇತಿ." ಆಮೇಲೆ ತನ್ನ ಎಡಗೈಯನ್ನೂ ನನ್ನ ಮುಂದೆ ಚಾಚಿದಳು. "ಸುಟ್ಟಿದ್ದು ವೈರ. ಇದಲ್ಲ."

ಆ ದನಿಯಲ್ಲಿದ್ದದ್ದು ಸಿಟ್ಟಲ್ಲ. ಬಹಳ ದಿನಗಳ ಮೇಲೆ ತನ್ನ ಮೇಲೆಯೇ ತನಗೆ ನಂಬಿಕೆ ಮರಳಿ ಬಂದವರ ದನಿ ಅದು. ಅಷ್ಟು ದಿನ ಅತ್ತೆಯ ಮಾತು ನಿಜವಿದ್ದರೂ ಇರಬಹುದೇನೋ ಎಂದು ಆಕೆಯೂ ಒಳಗೊಳಗೆ ಅಂಜಿದ್ದಳು ಎಂಬುದು ನನಗೆ ಆಗಲೇ ತಿಳಿದದ್ದು.

ಇಬ್ಬರೂ ಬಜಾರಕ್ಕೆ ಹೋದೆವು. ಅಂಗಡಿಯಾತ ಮೊದಲು ತೆಳ್ಳನೆಯ ಬಿಳಿ ವೈರನ್ನು ತೆಗೆದ. "ಇದನ್ನ ಹಳೇದಕ್ಕ ಗಂಟ ಹಾಕಿ ಟೇಪ್ ಸುತ್ರಿ, ಉದ್ದ ಆಕ್ಕೈತಿ" ಎಂದ. ವೈನಿ ತಲೆಯಾಡಿಸಿದಳು. ಇಸ್ತ್ರಿ ಎಳೆಯುವ ಕರೆಂಟಿಗೆ ತೆಳು ವೈರು ಕಾದು ಕರಗುತ್ತದೆ, ನಡುವೆ ಗಂಟು ಹಾಕಿದರೆ ಬೆಂಕಿ ಹತ್ತುವುದು ಆ ಗಂಟಿನಲ್ಲಿಯೇ ಎಂದು ಆಮೇಲೆ ನನಗೆ ವಿವರಿಸಿದಳು. ಅಂಗಡಿಯಲ್ಲಿ ಅಷ್ಟೆಲ್ಲ ಹೇಳಲಿಲ್ಲ. ಮೇಲೆ ತೂಗುತ್ತಿದ್ದ ಕಪ್ಪು ನೂಲಿನ ಸುರುಳಿಯನ್ನು ತೋರಿಸಿ, "ಅದ ಕೊಡ್ರಿ. ಮೂರ ಎಳಿದು. ಗಂಟಿಲ್ದ ಒಂದ ತುಂಡ" ಎಂದಳು. ಎಷ್ಟು ಎಂದು ಆತ ಕೇಳಿದ. ಆಕೆ ಸುರುಳಿಯ ತುದಿ ಹಿಡಿದು, ಎರಡೂ ತೋಳು ಅಗಲಿಸಿ ಒಂದು ಮಾರು ಅಳೆದಳು. ಮತ್ತೊಂದು ಅಳೆದಳು. ಸ್ವಲ್ಪ ಯೋಚಿಸಿ ಇನ್ನೊಂದು ಅಳೆದಳು. ಬಜಾರದ ನಡುವೆ ತೋಳು ಚಾಚಿ ನಿಂತ ಆಕೆಯನ್ನು ನೋಡಿ ಆತ, "ಯಾವ ಮಿಸ್ತ್ರಿ ಹಾಕವನ್ರಿ ಇದನ್ನ?" ಎಂದ.

"ನಾನ ಹಾಕಾಕಿ," ಎಂದಳು ವೈನಿ.

ಕೋಣೆಗೆ ಬಂದು ಕೆಲಸಕ್ಕೆ ಕುಳಿತಳು. ಕುತ್ತಿಗೆಗೆ ಹೊಸ ರಬ್ಬರು ಕೊಳವೆ ತೂರಿಸಿದಳು. ಮೂರು ಎಳೆಗಳ ತುದಿಯನ್ನು ಸುಲಿದು, ತಂತಿಯ ಎಳೆಗಳನ್ನು ಹೊಸೆದು, ಒಂದೊಂದನ್ನೂ ಅದರದರ ಸ್ಕ್ರೂವಿಗೆ ಸುತ್ತಿ ಬಿಗಿದಳು. ಹಸಿರು ಎಳೆಯನ್ನು ಪೆಟ್ಟಿಗೆಯ ತಗಡಿಗೆ ಕೂಡಿಸಿದಳು. ಹಳೆಯದರಲ್ಲಿ ಆ ಮೂರನೆಯ ಎಳೆಯೇ ಇರಲಿಲ್ಲ. ಒಳಗೆ ಏನಾದರೂ ಕೆಟ್ಟರೆ ಕರೆಂಟು ಕೈಗೆ ಬಾರದೆ ನೆಲಕ್ಕೆ ಇಳಿಯಲು ಇರುವ ದಾರಿ ಅದು ಎಂದಳು. ಇನ್ನೊಂದು ತುದಿಗೆ ಮೂರು ಪಿನ್ನಿನ ಪ್ಲಗ್ ಕೂಡಿಸಿದಳು. ವೈರನ್ನು ಹಿಡಿದು ಜಗ್ಗಿ ನೋಡಿದಳು, ಒಳಗೆ ಕದಲಲಿಲ್ಲ. ಆಮೇಲೆ ಪ್ಲಗ್ ಹಾಕಿ, ಸ್ವಿಚ್ ಒತ್ತಿ, ಟೆಸ್ಟರನ್ನು ತಗಡಿಗೆ ಮುಟ್ಟಿಸಿದಳು. ನಾನು ಗೋಡೆಗೆ ಒತ್ತಿ ನಿಂತಿದ್ದೆ. ಕೆಂಪು ದೀಪ ಹತ್ತಲಿಲ್ಲ.

"ನಿಮ್ಮ ಒಂದ ಸೀರಿ ಕೊಡ್ರಿ," ಎಂದಳು.

ಶಾಲೆಗೆ ಉಡುವ ಗಂಜಿ ಹಾಕಿದ ಕಾಟನ್ ಸೀರೆಯನ್ನು ಕೊಟ್ಟೆ. ವೈರನ್ನು ಹೆಗಲ ಹಿಂದಿನಿಂದ ತಂದು ಎಡಕ್ಕೆ ಇಳಿಬಿಟ್ಟುಕೊಂಡು ಆಕೆ ಇಸ್ತ್ರಿ ಹಿಡಿದಳು. ವೈರು ಈಗ ಯಾವುದಕ್ಕೂ ಅಡ್ಡ ಬರಲಿಲ್ಲ. ಆ ಎಡಗೈ ಬಟ್ಟೆಯ ಮೇಲೆ ಜಾರಿದ ರೀತಿ... ನಾನು ಎರಡು ವರ್ಷದಿಂದ ನೋಡಿದ ಆ ನಿಧಾನದ ಹೆಂಗಸು ಇವಳೇ ಏನು ಎಂದು ಅನ್ನಿಸಿತು. ಬಿಸಿ ಗಂಜಿಯ ವಾಸನೆ ಕೋಣೆಯ ತುಂಬ ಹಬ್ಬಿತು. ಆಕೆ ಇಡೀ ಸೀರೆ ಮುಗಿಸಿ, ಮಡಚಿ, ನನ್ನ ಕೈಯಲ್ಲಿಟ್ಟು, ನೆಲದ ಮೇಲೆ ಕುಳಿತು ಒಂದೇ ಸಮನೆ ನಕ್ಕಳು. ನನಗೂ ನಗು ತಡೆಯಲಾಗಲಿಲ್ಲ.

ಮರುದಿನ ರವಿವಾರ ಮದುವೆಯ ಜವಳಿ ನೋಡಲು ನೆಂಟರ ಹೆಂಗಸರೆಲ್ಲ ಅವರ ಮನೆಯಲ್ಲಿ ಸೇರಿದ್ದರು. ಸಂಗೊಳ್ಳಿಯಿಂದ ಅತ್ತೆಯ ಅಕ್ಕನೂ ಬಂದಿದ್ದರು. ನನ್ನನ್ನೂ ಕರೆದಿದ್ದರು. ವೈನಿ ಅಡಿಗೆಮನೆಯ ಬಾಗಿಲಲ್ಲಿ ದೂರ ನಿಂತಿದ್ದಳು. ಮೂಲೆಯಲ್ಲಿ ಮರುದಿನ ರಾಮದುರ್ಗಕ್ಕೆ ಹೊರಡಲು ಕಟ್ಟಿದ ಆಕೆಯ ಚೀಲವಿತ್ತು.

ಅತ್ತೆ ಟ್ರಂಕು ತೆಗೆದು ತಮ್ಮ ಮದುವೆಯ ಸೀರೆಯನ್ನು ಹೊರಗಿಟ್ಟರು. ಅದನ್ನು ಮಗಳಿಗೆ ಅಕ್ಷತೆಯ ಅಕ್ಕಿಕಾಳು ಬೀಳುವ ಹೊತ್ತಿಗೆ ಉಡಿಸಬೇಕೆಂದು ಅವರ ಆಸೆ. ಹಳೆಯ ರೇಷ್ಮೆ, ಮಾಸದ ಬಣ್ಣ. ಆದರೆ ಎಷ್ಟೋ ವರ್ಷ ಮಡಿಕೆಯಲ್ಲಿದ್ದು ಸುಕ್ಕುಸುಕ್ಕಾಗಿತ್ತು. ಪೇಟೆಯ ಇಸ್ತ್ರಿಯವರಿಗೆ ಕೊಡಬಹುದಲ್ಲ ಎಂದು ಯಾರೋ ಅಂದರು. ಅತ್ತೆ ಒಪ್ಪಲಿಲ್ಲ. ಆ ಸೀರೆಯನ್ನು ಹೊರಗೆ ಕಳಿಸಲು ಅವರಿಗೆ ಮನಸ್ಸು ಬರಲಿಲ್ಲ.

ಆಗ ನಾದಿನಿ ಎದ್ದು ಸೀರೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಇಸ್ತ್ರಿಯ ಮೇಜಿನ ಮೇಲೆ ಇಟ್ಟಳು.

"ವೈನಿ, ನೀವ ಮಾಡ್ರಿ."

ವೈನಿ ಒಳಗೆ ಹೋಗಿ ಪೆಟ್ಟಿಗೆ ತಂದಳು. ಅತ್ತೆಯ ಕಣ್ಣು ಅಗಲವಾಯಿತು. "ಅದು ಅಟ್ಟದ ಮ್ಯಾಲಿತ್ತಲ್ಲ!"

"ನಿಚ್ಚಣಿಕಿ ನಾನ ಹಿಡದಿದ್ದೆ, ಅವ್ವಾ," ಎಂದಳು ನಾದಿನಿ.

ವೈನಿ ಸುಟ್ಟ ಹಳೆಯ ವೈರನ್ನು ಅತ್ತೆಯ ಮುಂದೆ ಇಟ್ಟಳು. "ಅತ್ತಿ, ಸುಟ್ಟಿದ್ದು ಇಲ್ಲಿ ನೋಡ್ರಿ. ವೈರ ಗಿಡ್ಡ ಇತ್ತು, ಹರದಿತ್ತು. ಯಾರ ಕೈಯಾಗ ಇದ್ದಿದ್ರೂ ಆ ದಿನ ಕಿಡಿ ಹಾರತಿತ್ತು. ಹೊಸಾದ ಹಾಕೇನಿ."

"ಈ ಸೀರಿ ಸುಟ್ಟರ?" ಅತ್ತೆ ಸೀರೆಯ ಮೇಲೆ ಕೈಯಿಟ್ಟರು.

"ಸುಟ್ಟರ ನಾಳಿ ಬಸ್ಸಿಗೆ ನಾನಾಗೇ ಹೋಗತೇನ್ರಿ. ಯಾರೂ ಹತ್ತಸೂದ ಬ್ಯಾಡ. ಸುಡಲಿಲ್ಲಂದ್ರ ಮದುವಿ ಮುಗಿಯೂತನಕ ಈ ಹೊಸ್ತಲಾ ದಾಟಂಗಿಲ್ಲ."

ಬಾಗಿಲಲ್ಲಿ ನಿಂತಿದ್ದ ಕಂಡಕ್ಟರು ಮುಂದೆ ಬಂದರು. ಪ್ಲಗ್ಗನ್ನು ತಾವೇ ತೆಗೆದುಕೊಂಡು ಬೋರ್ಡಿಗೆ ಹಾಕಿದರು. ಅವರು ಹೆಂಡತಿಯ ಪಕ್ಕಕ್ಕೆ ನಿಂತದ್ದನ್ನು ನಾನು ನೋಡಿದ್ದು ಅಂದೇ ಮೊದಲು.

ಮನೆಯ ಮೇಲ್ಛಾವಣಿ ಜಂತಿಯದು. ವೈನಿ ಬಟ್ಟೆಯ ಒಂದು ಪಟ್ಟಿಯನ್ನು ಜಂತಿಗೆ ಕಟ್ಟಿ, ಅದರ ಕುಣಿಕೆಯಲ್ಲಿ ವೈರನ್ನು ತೂರಿಸಿ, ಎಡಗಡೆ ಮೇಲಿನಿಂದ ಇಳಿಬೀಳುವಂತೆ ಮಾಡಿದಳು. ಅಷ್ಟು ಉದ್ದ ಅಳೆದದ್ದು ಇದಕ್ಕೇ. ರೇಷ್ಮೆಯ ಮೇಲೆ ತೆಳ್ಳನೆಯ ಒದ್ದೆ ಪಂಜೆ ಹಾಸಿದಳು. ಎಡಗೈಯಲ್ಲಿ ಇಸ್ತ್ರಿ ಎತ್ತಿದಳು. ಬಚ್ಚಿಡಲಿಲ್ಲ, ಬಾಗಿಲ ಕಡೆ ನೋಡಲಿಲ್ಲ.

ಪಂಜೆಯಿಂದ ಹಬೆ ಎದ್ದಿತು. ಇಸ್ತ್ರಿ ಹೋಯಿತು, ಬಂತು. ಅದರ ಹಿಂದೆ ಸುಕ್ಕು ಮಾಯವಾಗುತ್ತ, ಹಳೆಯ ರೇಷ್ಮೆಗೆ ಹೊಳಪು ಮರಳುತ್ತ ಬಂತು. ಮೇಲಿನಿಂದ ಇಳಿದ ವೈರು ಆಕೆಯ ಕೈಯ ಜೊತೆ ಹಗುರಾಗಿ ತೂಗುತ್ತಿತ್ತು. ಸೆರಗಿನ ಹತ್ತಿರ ಬಂದಾಗ ಎಲ್ಲರೂ ಕತ್ತು ಚಾಚಿದರು. ಆಕೆಯ ಕೈ ಮಾತ್ರ ತಡೆಯಲಿಲ್ಲ.

"ಯವ್ವಾ, ಕೈ ಏನ ಓಡತೈತಿ!" ಎಂದರು ಸಂಗೊಳ್ಳಿಯ ದೊಡ್ಡವ್ವ.

ಸೀರೆ ಮುಗಿಯಿತು. ಅತ್ತೆ ಅದನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ಹಿಡಿದರು. ಸೆರಗು ನೋಡಿದರು, ಅಂಚು ನೋಡಿದರು, ಹೊರಳಿಸಿ ಹಿಂಭಾಗ ನೋಡಿದರು. ಆಮೇಲೆ ಅದನ್ನು ಮಗಳ ಕೈಗೆ ಕೊಟ್ಟು, ಒಳಗೆ ಹೋಗಿಬಿಟ್ಟರು. ವೈನಿ ಮೂಲೆಯ ಚೀಲದ ಕಡೆ ನೋಡಿದಳು.

ಅತ್ತೆ ತಿರುಗಿ ಬಂದಾಗ ಅವರ ಕೈಯಲ್ಲಿ ಇನ್ನೊಂದು ಸೀರೆಯಿತ್ತು. ಮದುವೆಗೆ ತಾವು ಉಡಬೇಕಾದದ್ದು. ಅದನ್ನು ಮೇಜಿನ ಮೇಲೆ ಇಟ್ಟು, "ಇದನ್ನೂ ಮಾಡು" ಎಂದರು.

ವೈನಿ ಇಸ್ತ್ರಿಗೆ ಕೈ ಹಾಕಲಿಲ್ಲ. ಅವರ ಮುಖವನ್ನೇ ನೇರವಾಗಿ ನೋಡಿ ಕೇಳಿದಳು: "ಯಾವ ಕೈಲೆ ಮಾಡ್ಲಿ, ಅತ್ತಿ?"

ಅತ್ತೆ ಸೀರೆಯನ್ನು ಆಕೆಯ ಎಡಗಡೆಗೆ ಸರಿಸಿದರು.

"ನಿನಗ ಯಾವ ಕೈಗೆ ಬರತೈತೋ ಆ ಕೈಲೆ ಮಾಡವಾ."

ನಾದಿನಿ ಚಪ್ಪಾಳೆ ತಟ್ಟಿದಳು. ಸಂಗೊಳ್ಳಿಯ ದೊಡ್ಡವ್ವ ತಮ್ಮ ಗಂಟಿನಿಂದ ಎರಡು ಕುಪ್ಪಸ ತೆಗೆದು ಮೇಜಿನ ಮೇಲೆ ಒಗೆದರು. ನೋಡನೋಡುತ್ತಿದ್ದಂತೆ ಮೇಜಿನ ಮೇಲೆ ಸೀರೆಗಳ ರಾಶಿಯೇ ಬಿತ್ತು. ಮೂಲೆಯಲ್ಲಿದ್ದ ಚೀಲವನ್ನು ಕಂಡಕ್ಟರು ಎತ್ತಿಕೊಂಡು ಹೋಗಿ ಒಳಗಿಟ್ಟರು. ಆ ಪಡಸಾಲೆಯಲ್ಲಿ ಅಂದು ಎದ್ದ ನಗು, ಗದ್ದಲ... ಈಗಲೂ ನೆನೆದರೆ ಮೈ ಬೆಚ್ಚಗಾಗುತ್ತದೆ.

ಮದುವೆಯ ದಿನ ಪಂಕ್ತಿಯಲ್ಲಿ ವೈನಿ ಹೋಳಿಗೆ ಬಡಿಸಿದಳು. ಎಡಗೈಯಿಂದಲೇ. ಬೀಗರ ಪಂಕ್ತಿಯಲ್ಲಿ ಒಬ್ಬ ಹಿರಿಯರು ಹುಬ್ಬೇರಿಸಿದಾಗ, ಹಿಂದೆ ತುಪ್ಪದ ತಂಬಿಗೆ ಹಿಡಿದು ಬರುತ್ತಿದ್ದ ಅತ್ತೆ, "ನಮ್ಮ ಸೊಸಿ ಕೈನ ಹಂಗರಿ. ಉಣ್ರಿ" ಎಂದು ಮುಂದೆ ಸಾಗಿದರು.

ಆಮೇಲೆ ಓಣಿಯ ಇಸ್ತ್ರಿ ಪೆಟ್ಟಿಗೆಗಳೆಲ್ಲ ಒಂದೊಂದಾಗಿ ಆ ಪಡಸಾಲೆಗೆ ಬರತೊಡಗಿದವು. ಯಾರದು ಗಿಡ್ಡ ವೈರು, ಯಾರದು ಇಲಿ ಕಡಿದದ್ದು, ಯಾರದು ಮುಟ್ಟಿದರೆ ಜುಮ್ಮೆನ್ನುವುದು. ವೈನಿ ಎಲ್ಲವನ್ನೂ ಬಿಚ್ಚಿ ಹೊಸ ವೈರು ಹಾಕುವಳು, ಹಾಕುವಾಗ ಆ ಮನೆಯ ಹೆಂಗಸನ್ನು ಎದುರಿಗೆ ಕೂರಿಸಿಕೊಂಡು ತೋರಿಸುವಳು. ಬಟ್ಟೆಯ ಗಂಟುಗಳೂ ಬಂದವು. ಕೊನೆಗೆ ಬಜಾರದ ಕಡೆ ಒಂದು ಸಣ್ಣ ಅಂಗಡಿಯೇ ಆಯಿತು. ಇಳಕಲ್ ಸೀರೆಗೆ ಇಸ್ತ್ರಿ ಹಾಕಿಸಲು ಸವದತ್ತಿಯಿಂದಲೂ ಜನ ಬರುತ್ತಿದ್ದರು. ನನ್ನ ತರಗತಿಯ ಒಬ್ಬ ಹುಡುಗಿಯ ತಾಯಿ, ಮಗಳು ಎಡಗೈಯಿಂದ ಬರೆಯುತ್ತಾಳೆ, ಬಿಡಿಸಿರಿ ಎಂದು ಬಂದಾಗ ನಾನು ವಾದ ಮಾಡಲಿಲ್ಲ. "ಆ ಅಂಗಡಿಗೆ ಹೋಗಿ ಅರ್ಧ ತಾಸು ಕುಂತು ಬರ್ರಿ" ಎಂದೆ. ಆಕೆ ಹೋಗಿ ಬಂದಳು. ಮತ್ತೆ ಆ ಮಾತು ಎತ್ತಲಿಲ್ಲ.

ಮುಂದೆ ನನಗೆ ಕಿತ್ತೂರಿಗೆ ವರ್ಗವಾಯಿತು. ಇಲ್ಲಿಯೇ ಮನೆಯಾಯಿತು, ಮಕ್ಕಳಾದರು, ನಿವೃತ್ತಿಯೂ ಆಯಿತು. ಮೊದಲು ತಿಂಗಳಿಗೊಮ್ಮೆ ಭೇಟಿ, ಆಮೇಲೆ ವರ್ಷಕ್ಕೊಮ್ಮೆ, ಆಮೇಲೆ ಫೋನು... ಹಾಗೆಯೇ ಫೋನೂ ಕಡಿಮೆಯಾಯಿತು. ಹೋದ ಬೇಸಿಗೆಯಲ್ಲಿ ಸವದತ್ತಿಯ ಬಸ್ ನಿಲ್ದಾಣದಲ್ಲಿ ನಾದಿನಿ ಸಿಕ್ಕಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನ ಕೈ ಹಿಡಿದುಕೊಂಡು, "ನಮ್ಮ ವೈನಿ ಹೋದ್ರ, ಅಕ್ಕೋರ" ಎಂದಳು. ಹೋಗಿ ಆಗಲೇ ಕೆಲವು ತಿಂಗಳಾಗಿತ್ತು. ನನಗೆ ಗೊತ್ತೇ ಇರಲಿಲ್ಲ.

ಕಿತ್ತೂರಿನ ಅಂಗಡಿಯಿಂದ ಬಂದ ಮರುದಿನ ಬೈಲಹೊಂಗಲದ ಬಸ್ಸು ಹತ್ತಿದೆ.

ವೈನಿಯ ಅಂಗಡಿ ತೆರೆದಿತ್ತು. ಒಳಗೆ ಆಕೆಯ ಮಗಳು ಇಸ್ತ್ರಿ ಮಾಡುತ್ತಿದ್ದಳು. ಅದೇ ಎತ್ತರ, ಅದೇ ಹಣೆ. ಗುರುತು ಹೇಳಿದೊಡನೆ ಇಸ್ತ್ರಿ ಕೆಳಗಿಟ್ಟು, "ಬರ್ರಿ ಅಕ್ಕೋರ, ಒಳಗ ಕುಂದರ್ರಿ. ಅವ್ವ ನಿಮ್ಮ ಸುದ್ದಿ ಭಾಳ ಹೇಳತಿದ್ಲು" ಎಂದಳು. ಚಹಾ ತರಿಸಿದಳು. ಗಿರಾಕಿಗಳು ಬರುತ್ತಲೇ ಇದ್ದರು. ಅಂಗಡಿ ಚೆನ್ನಾಗಿ ನಡೆದಿತ್ತು. ಪಕ್ಕದ ಮಳಿಗೆಯನ್ನೂ ತೆಗೆದುಕೊಂಡಿದ್ದಾಳಂತೆ.

ಆಕೆ ಮತ್ತೆ ಕೆಲಸಕ್ಕೆ ನಿಂತಾಗ ನೋಡಿದೆ. ಇಸ್ತ್ರಿ ಬಲಗೈಯಲ್ಲಿತ್ತು. ಮೇಜು ಅಂಗಡಿಯ ನಡುವೆ. ಆಕೆ ನಿಂತದ್ದು ಗೋಡೆಯ ಕಡೆ.

"ನೀನು ಬಲಗೈಯವಳಾ?" ಎಂದೆ.

"ಹೌದ್ರಿ, ನಮ್ಮಪ್ಪನ ಗತೆ. ಈ ಮೇಜು, ಪ್ಲಗ್ಗು ಎಲ್ಲಾ ಅವ್ವನ ಎಡಗೈಗೆ ಮಾಡಿಸಿದ್ವು. ಅಕಿ ಹೋದ ಮ್ಯಾಲೆ ಎಲ್ಲಾ ಕಿತ್ತಿ ಈ ಕಡೆ ಹಾಕಸೂನಂತ ಮಂದಿ ಅಂದ್ರು. ನಾ ಬ್ಯಾಡಂದೆ. ಮೇಜಿನ ಆ ಕಡೆ ಬದಲ ಈ ಕಡೆ ನಿಂತರ ಪ್ಲಗ್ಗು ತಾನ ನನ್ನ ಬಲಕ್ಕ ಬಂತ್ರಿ." ಸೀರೆಯ ಮಡಿಕೆ ಹೊರಳಿಸಿದಳು. "ಹಿಂಗಾಗಿ ಅವ್ವ ನಿಂದರೂ ಜಾಗಾ ಈಗ ನನ್ನ ಎದುರಿಗೇ ಐತ್ರಿ. ತೆಲಿ ಎತ್ತಿದ್ರ ಅಲ್ಲೇ ನೋಡತೇನಿ."

ಮೇಜಿನ ಆಚೆ ಬದಿಯಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಖಾಲಿಯಿತ್ತು. ಅಂಗಡಿಯಲ್ಲಿ ಎಲ್ಲಿ ನೋಡಿದರೂ ಬಟ್ಟೆಯ ಗಂಟುಗಳು, ಮಡಚಿದ ಸೀರೆಗಳು. ಅಲ್ಲಿ ಮಾತ್ರ ಯಾರೂ ಏನನ್ನೂ ಇಟ್ಟಿರಲಿಲ್ಲ.